ಪುಣೆಯ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯುವುದು ಹೇಗೆ?

ಇನ್ನಷ್ಟು ಪ್ರಚಾರ ಮಾಡಿದರೆ ವಿದೇಶಿ ವಿದ್ಯಾರ್ಥಿಗಳು ಪುಣೆಗೆ ಬರುವರೇ ಎಂದು ಕೇಳಿದ್ದೀರಿ. ಪ್ರಚಾರಕ್ಕಿಂತ ಮೊದಲು ವಸತಿಯ ಕಡೆ ಗಮನ ಕೊಡಬೇಕು ಎಂಬುದು ಇಲ್ಲಿ ನೆಲೆಸಿರುವ ನನ್ನ ಅಭಿಪ್ರಾಯ. 1885ರ ಫರ್ಗ್ಯುಸನ್ ಕಾಲೇಜು, 1949ರಲ್ಲಿ ಸ್ಥಾಪನೆಯಾದ ಪುಣೆ ವಿಶ್ವವಿದ್ಯಾಲಯ ಇವುಗಳಿಂದ ಊರಿಗೆ ಹೆಸರೇನೋ ಆಗಲೇ ಬಂದಿದೆ.

ಹಾಸ್ಟೆಲಿನಲ್ಲಿ ಕಾಮಾಲೆಯಿಂದ ಮಲಗಿದ್ದ ಮಾರಿಷಸ್‌ನ ಹುಡುಗನಿಗೆ ಸಹಪಾಠಿಯೊಬ್ಬಳು ಕಿಟಕಿಯಿಂದ ಊಟ ಕೊಡುತ್ತಿದ್ದುದನ್ನು ಕಂಡ ಫರ್ಗ್ಯುಸನ್‌ನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಎಸ್. ಬಿ. ಮುಜುಮ್ದಾರ್ ಅವರು, ಅಂಥವರಿಗೆ ನೆರವಾಗಲೆಂದೇ 1971ರಲ್ಲಿ ಸಿಂಬಯೋಸಿಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಂದು ಕಂಡ ಒಂಟಿತನ ಇಂದಿಗೂ ನೀಗಿಲ್ಲ.

180 ದಿನಗಳಿಗೂ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನಗಳೊಳಗೆ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಅದಕ್ಕೆ ವಿಳಾಸದ ಪುರಾವೆ, ಅಂದರೆ ಮೊದಲು ವಸತಿ ಬೇಕು. ಮನೆ ಕೊಟ್ಟ ಮಾಲೀಕರು 24 ಗಂಟೆಗಳೊಳಗೆ ಆನ್‌ಲೈನಿನಲ್ಲಿ, ವಿದೇಶೀಯರು ತಮ್ಮಲ್ಲಿ ತಂಗಿದ್ದಾರೆಂದು ತಿಳಿಸುವ ಫಾರ್ಮ್ (ಹಿಂದೆ ಇದಕ್ಕೆ ಸಿ-ಫಾರ್ಮ್ ಎನ್ನುತ್ತಿದ್ದರು) ಸಲ್ಲಿಸಬೇಕು. ಈ ಫಾರ್ಮಿನ ಹೆಸರು ಕೇಳಿದೊಡನೆ ನಮ್ಮ ಕಟ್ಟಡದ ಮಾಲೀಕರೊಬ್ಬರು, ಮುಂಗಡದ ಹಣ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುಡಾನಿನ ಯುವಕನನ್ನು ಹಾಗೆಯೇ ಕಳುಹಿಸಿಬಿಟ್ಟರು. ಫಾರ್ಮು ತುಂಬುವುದು ಅಷ್ಟೇನೂ ಕಷ್ಟದ ಕೆಲಸವಲ್ಲ, ತಿಳಿಹೇಳುವವರಿರಲಿಲ್ಲ.

ಆದ್ದರಿಂದ ವಿಶ್ವವಿದ್ಯಾಲಯವೇ ಮೊದಲ ವರ್ಷದ ಹಾಸ್ಟೆಲ್ ಕೋಣೆಯನ್ನು ಪ್ರವೇಶಪತ್ರದ ಜೊತೆಗೇ ಖಾತರಿಪಡಿಸಲಿ, ನೋಂದಣಿಗೆ ಒಬ್ಬ ಸಿಬ್ಬಂದಿಯನ್ನು ಜೊತೆಗೆ ಕಳುಹಿಸಲಿ. ಹೊಸಬರು ಯಾವ ಊರಿಗೆ ಹೋಗಬೇಕೆಂದು ಕೇಳುವುದು ಜಾಹೀರಾತನ್ನಲ್ಲ, ಈಗಾಗಲೇ ಇಲ್ಲಿ ಓದುತ್ತಿರುವ ತಮ್ಮ ದೇಶದವರನ್ನು.