ಎಂಜಿನ್ ಬದಲಾಯಿತು, ಫ್ಯಾನಿಗೆ ಜಾಗವೆಲ್ಲಿ?

ಹಳೆಯ ಪಿಕಪ್‌ಗೆ ಬೇರೆ ಎಂಜಿನ್ ಕೂರಿಸಿದವರಿಂದ ಬಂದ ಪ್ರಶ್ನೆಗಳೆಲ್ಲ ಈ ಬಾರಿ ರೇಡಿಯೇಟರ್ ಮುಂದೆಯೇ ನಿಂತಿವೆ. ಒಂದಕ್ಕೊಂದು ನಂಟಿರುವುದರಿಂದ ಎಲ್ಲಕ್ಕೂ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಸರ್, ನನ್ನ ಪಿಕಪ್‌ನ ನಾಲ್ಕು ಸಿಲಿಂಡರ್ ಎಂಜಿನ್ ಇಳಿಸಿ ಎಂಟು ಸಿಲಿಂಡರಿನ ವಿ-8 ಕೂರಿಸಿದ್ದೇನೆ. ವಾಟರ್ ಪಂಪಿನ ಪುಲ್ಲಿಗೂ ರೇಡಿಯೇಟರಿಗೂ ನಡುವೆ ಉಳಿದಿರುವುದು 11 ಸೆಂ.ಮೀ. ಅಷ್ಟೆ. ಎಂಜಿನ್ನಿನಿಂದಲೇ ತಿರುಗುವ ಬೆಲ್ಟ್ ಫ್ಯಾನ್ ಹಿಡಿಯುವುದಿಲ್ಲ. ಎಷ್ಟು ದೊಡ್ಡ ಎಲೆಕ್ಟ್ರಿಕ್ ಫ್ಯಾನ್ ಹಾಕಲಿ? ರೇಡಿಯೇಟರಿನ ಹಿಂದೆಯೋ, ಮುಂದೆಯೋ?

ಉತ್ತರ: ಜಾಗ ಸಿಕ್ಕರೆ ಹಿಂದೆಯೇ, ಅಂದರೆ ಎಂಜಿನ್ ಕಡೆ, ಗಾಳಿ ಎಳೆಯುವ ಹಾಗೆ. ಗ್ರಿಲ್ ಕಡೆ ಕೂತು ಗಾಳಿ ತಳ್ಳುವ ಫ್ಯಾನು ಗಾಡಿ ಓಡುವಾಗ ತಾನೇ ಎದುರುಗಾಳಿಗೆ ಅಡ್ಡವಾಗುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದನ್ನು ಯೋಚಿಸಿ.

ಈಗ ಅಳತೆ. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುತ್ತದೆ, ಜೋರು ಬ್ರೇಕ್ ಹಾಕಿದಾಗ ಮುಂದಕ್ಕೂ ಸರಿಯುತ್ತದೆ. ಆದ್ದರಿಂದ ಪುಲ್ಲಿಯ ತುದಿಗೂ ಫ್ಯಾನಿನ ಮೋಟಾರಿಗೂ ಕನಿಷ್ಠ 2.5 ಸೆಂ.ಮೀ. ಬಿಡಬೇಕು. ನಿಮಗೆ ಉಳಿಯುವುದು 8.5 ಸೆಂ.ಮೀ. ಅದರಲ್ಲಿ ಶ್ರೌಡೂ (ಗಾಳಿಯನ್ನು ಫ್ಯಾನಿನ ಕಡೆಗೆ ತರುವ ತಗಡಿನ ಹೊದಿಕೆ) ಕೂರಬೇಕು, ಮೋಟಾರೂ ಕೂರಬೇಕು. ಒಂದೇ ದೊಡ್ಡ ಫ್ಯಾನ್ ಹಾಕಿದರೆ ಅದರ ಮೋಟಾರು ಸರಿಯಾಗಿ ಪಂಪಿನ ಮೂತಿಗೇ ಎದುರಾಗುತ್ತದೆ. ಎರಡು ಸಣ್ಣ ಫ್ಯಾನ್ ಅಕ್ಕಪಕ್ಕ ಇಟ್ಟರೆ ಪಂಪಿನ ಮೂತಿ ಎರಡು ಮೋಟಾರುಗಳ ನಡುವೆ ಬರುತ್ತದೆ. ಆಗ ಜಾಗದ ತಕರಾರು ಅರ್ಧಕ್ಕರ್ಧ ಮುಗಿಯಿತು.

ಶ್ರೌಡ್ ಇಲ್ಲದೆ ಫ್ಯಾನನ್ನು ನೇರವಾಗಿ ರೇಡಿಯೇಟರಿನ ಜಾಲರಿ ಭಾಗವಾದ ಕೋರ್‌ಗೆ ಒತ್ತಿ ಕಟ್ಟಬೇಡಿ. ಲೆಕ್ಕ ಹಾಕಿ ನೋಡಿ: ಕೋರ್ 60×45 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 2,700 ಚದರ ಸೆಂ.ಮೀ. 16 ಇಂಚಿನ ಫ್ಯಾನಿನ ವೃತ್ತ ಸುಮಾರು 1,300. ಒತ್ತಿ ಕಟ್ಟಿದರೆ ಗಾಳಿ ಆಡುವುದು ಅರ್ಧಕ್ಕಿಂತ ಕಡಿಮೆ ಕೋರಿನಲ್ಲಿ. ಉಳಿದದ್ದು ನಿಂತ ಗಾಡಿಯಲ್ಲಿ ಬರೀ ಬಿಸಿನೀರಿನ ಡಬ್ಬ. ಇಡೀ ಕೋರನ್ನು ಮುಚ್ಚುವ ಶ್ರೌಡ್ ಮಾಡಿಸಿ, ಅದರ ತಗಡು ಕೋರಿನಿಂದ 2.5 ಸೆಂ.ಮೀ. ಆದರೂ ದೂರ ಇರಲಿ, ಅಂಚಿಗೆಲ್ಲ ಫೋಮ್ ಪಟ್ಟಿ ಅಂಟಿಸಿ. ಅಂಚಿನಲ್ಲಿ ಸಂದು ಬಿಟ್ಟರೆ ಫ್ಯಾನು ಕೋರಿನ ಬದಲು ಆ ಸಂದಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ವೇಗದಲ್ಲಿ ಎದುರುಗಾಳಿ ಹಾದುಹೋಗಲು ಶ್ರೌಡಿನ ಮೂಲೆಗಳಲ್ಲಿ ಕಿಂಡಿ ಕೊರೆದು ಒಳಗಿನಿಂದ ಹೊರಕ್ಕೆ ಮಾತ್ರ ತೆರೆಯುವ ರಬ್ಬರ್ ರೆಕ್ಕೆ ಹಾಕಬಹುದು.

ಶ್ರೌಡನ್ನು ರೇಡಿಯೇಟರಿನ ಪಕ್ಕದ ಚೌಕಟ್ಟಿಗೆ ಅಲ್ಯೂಮಿನಿಯಂ ಪಟ್ಟಿಯಿಂದ, ನಡುವೆ ರಬ್ಬರ್ ಬುಷ್ ಕೊಟ್ಟು ಬಿಗಿಯಿರಿ. ಕೋರಿನ ಮೂಲಕ ತೂರಿಸುವ ಪ್ಲಾಸ್ಟಿಕ್ ಟೈಗಳು ಫ್ಯಾನಿನ ಜೊತೆಗೇ ಸಿಗುತ್ತವೆ. ಅವನ್ನು ಪೆಟ್ಟಿಗೆಯಲ್ಲೇ ಬಿಡಿ. ಫ್ಯಾನಿನ ನಡುಕಕ್ಕೆ ಉಜ್ಜಿ ಉಜ್ಜಿ ಕೊಳವೆ ತೂತಾಗುತ್ತದೆ.

ಎಷ್ಟು ದೊಡ್ಡದು ಅನ್ನುವುದಕ್ಕೆ ಪೆಟ್ಟಿಗೆಯ ಮೇಲಿನ ಗಾಳಿಯ ಅಂಕಿ ನಂಬಬೇಡಿ. ಅದು ಎದುರಿಗೆ ರೇಡಿಯೇಟರ್ ಇಲ್ಲದೆ ಬಯಲಲ್ಲಿ ಅಳೆದದ್ದಾಗಿರಬಹುದು. ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ನೋಡಿ. 8 ಆಂಪಿಯರ್ ಎಳೆಯುವ ತೆಳು ಫ್ಯಾನು ವಿ-8 ತಣಿಸುತ್ತೇನೆ ಎಂದರೆ ಅದು ಬಾಯಿಮಾತು. ದಪ್ಪ ಕೋರಿನಿಂದ ಗಾಳಿ ಎಳೆಯಲು ಶಕ್ತಿ ಬೇಕೇ ಬೇಕು. ಎರಡೂ ಸೇರಿ 35ರಿಂದ 45 ಆಂಪಿಯರ್ ಎಳೆಯುವ ಜೋಡಿ ನಿಮಗೆ ಸರಿಹೋಗುತ್ತದೆ.

ಒಂದು ಮಾತು ಸೇರಿಸಬೇಕು. ಭಾರದ ಟ್ರೇಲರ್ ಎಳೆಯುವುದೇ ನಿಮ್ಮ ಗಾಡಿಯ ಮುಖ್ಯ ಕೆಲಸವಾಗಿದ್ದರೆ, ರೇಡಿಯೇಟರನ್ನು ಮುಂದಕ್ಕೆ ಸರಿಸಿ ಕ್ಲಚ್ ಇರುವ ಬೆಲ್ಟ್ ಫ್ಯಾನನ್ನೇ ಉಳಿಸಿಕೊಳ್ಳಲು ಸಾಧ್ಯವೇ ನೋಡಿ. ಏರಿನಲ್ಲಿ ನಿಧಾನವಾಗಿ ಭಾರ ಎಳೆಯುವಾಗ ಅದು ಕೊಡುವ ಗಾಳಿಯನ್ನು ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಿಕ್ ಫ್ಯಾನುಗಳು ಕೊಡುವುದು ಕಷ್ಟ.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಕೊಟ್ಟು ಫ್ಯಾನ್ ಓಡಿಸುತ್ತಿದ್ದೆ. ಎರಡೇ ವಾರಕ್ಕೆ ಸ್ವಿಚ್ ಕರಗಿತು. ಫ್ಯಾನಿನ ವೇಗವೂ ಕಡಿಮೆ ಅನಿಸುತ್ತದೆ. ಫ್ಯಾನೇ ಕೆಟ್ಟದ್ದೇ?

ಉತ್ತರ: ಫ್ಯಾನಿನ ತಪ್ಪಿಲ್ಲ. 300 ವ್ಯಾಟಿನ ಫ್ಯಾನು 13.5 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಸಾಮಾನ್ಯ ಸ್ವಿಚ್ಚು ಅದನ್ನು ತಾಳುವುದಿಲ್ಲ. ಇನ್ನು ವೈರ್: 1.5 ಚದರ ಮಿ.ಮೀ. ತಾಮ್ರದ ವೈರನ್ನು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ, ಅಲ್ಲಿಂದ ಫ್ಯಾನಿಗೆ ಎಂದು 6 ಮೀಟರ್ ಎಳೆದಿದ್ದರೆ ವೈರಿನಲ್ಲೇ 1.5 ವೋಲ್ಟ್ ಸೋರಿಹೋಗುತ್ತದೆ. ನಿಮಗೆ ವೇಗ ಕಡಿಮೆ ಅನಿಸಿದ್ದು ಅದಕ್ಕೇ.

ಮೇನ್ ಕರೆಂಟ್ ಎಂಜಿನ್ ಕೋಣೆಯಲ್ಲೇ ಇರಲಿ. ಒಳಗಿನ ಸ್ವಿಚ್ಚು ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚನ್ನು, ಮಾತ್ರ ಎಬ್ಬಿಸಲಿ. ಪ್ರತಿ ಫ್ಯಾನಿಗೂ ಬೇರೆ ಬೇರೆ 40 ಆಂಪಿಯರ್ ರಿಲೇ, ಬೇರೆ ಬೇರೆ 30 ಆಂಪಿಯರ್ ಫ್ಯೂಸ್. ಬ್ಯಾಟರಿ ಪ್ಲಸ್‌ನಿಂದ 15–20 ಸೆಂ.ಮೀ. ಒಳಗೇ ಫ್ಯೂಸ್ ಬರಲಿ, ಅಲ್ಲಿಂದ ರಿಲೇಯಲ್ಲಿ 30 ಎಂದು ಬರೆದಿರುವ ಪಿನ್ನಿಗೆ. 87ರಿಂದ ಫ್ಯಾನಿನ ಪ್ಲಸ್‌ಗೆ. 86ಕ್ಕೆ ಕೀ ತಿರುಗಿಸಿದಾಗ ಮಾತ್ರ ಬರುವ ಕರೆಂಟನ್ನು ಸಣ್ಣ ಫ್ಯೂಸಿನ ಮೂಲಕ ಕೊಡಿ. 85ನ್ನು ನೀರು ಬಿಸಿಯಾದಾಗ ತಾನೇ ಆನ್ ಆಗುವ ಟೆಂಪರೇಚರ್ ಸ್ವಿಚ್ಚಿನ ಮೂಲಕ ಅರ್ಥ್ ಮಾಡಿ (ಮೈನಸ್‌ಗೆ ಜೋಡಿಸಿ). ರಿಲೇಯ ಸುರುಳಿ ಎಳೆಯುವುದು 0.2 ಆಂಪಿಯರಿಗೂ ಕಡಿಮೆ, ಅಲ್ಲಿಗೆ ತೆಳು ವೈರ್ ಸಾಕು. ಡ್ಯಾಶ್‌ಬೋರ್ಡ್ ಸ್ವಿಚ್ ಬೇಕೇ ಬೇಕೆಂದರೆ 85ರಿಂದ ಇನ್ನೊಂದು ವೈರ್ ಎಳೆದು ಅದರಿಂದಲೂ ಅರ್ಥ್ ಕೊಡಿ. ಟೆಂಪರೇಚರ್ ಸ್ವಿಚ್ ಕೈಕೊಟ್ಟ ದಿನ ಅದು ಕಾಪಾಡುತ್ತದೆ. 87ಎ ಪಿನ್ನಿಗೆ ಏನನ್ನೂ ಜೋಡಿಸಬೇಡಿ, ರಿಲೇ ಮಲಗಿದ್ದಾಗಲೇ ಅದರಲ್ಲಿ ಕರೆಂಟ್ ಇರುತ್ತದೆ.

ಮೇನ್ ವೈರ್ 4 ಚದರ ಮಿ.ಮೀ.ಗಿಂತ ಕಡಿಮೆ ಬೇಡ, ಅರ್ಥ್ ವೈರೂ ಅಷ್ಟೇ ದಪ್ಪ. ಇಲ್ಲೇ ಬಹಳ ಜನ ಎಡವುವುದು: ಪ್ಲಸ್‌ಗೆ ದಪ್ಪ ವೈರ್ ಎಳೆದು, ಮೈನಸ್ಸನ್ನು ಬಣ್ಣ ಬಳಿದ ತಗಡಿಗೆ ಒಂದು ಸ್ಕ್ರೂ ಹಾಕಿ ಬಿಡುತ್ತಾರೆ. ಬಣ್ಣ ಕೆರೆದು ಲೋಹ ಕಾಣುವ ಹಾಗೆ ಮಾಡಿ, ಇಲ್ಲವೇ ನೇರ ಬ್ಯಾಟರಿ ಮೈನಸ್‌ಗೇ ಕೊಡಿ. ಮುಗಿದ ಮೇಲೆ ಫ್ಯಾನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಫ್ಯಾನಿನ ಪ್ಲಸ್‌ಗೆ ಹಿಡಿಯಿರಿ. 0.3 ವೋಲ್ಟಿನ ಒಳಗಿದ್ದರೆ ಕೆಲಸ ಚೆನ್ನಾಗಿದೆ. ಮೈನಸ್ ಕಡೆಯೂ ಹೀಗೇ ನೋಡಿ, ಅಲ್ಲಿ 0.2. ಯಾವ ಕಡೆಯಾದರೂ 0.5 ದಾಟಿದರೆ ಎಲ್ಲೋ ಜಾಯಿಂಟ್ ಸಡಿಲವಿದೆ. ಕೈಯಿಂದ ಮುಟ್ಟುತ್ತಾ ಹೋಗಿ, ಬಿಸಿಯಾದ ಜಾಯಿಂಟೇ ಕಳ್ಳ.

ಪ್ರಶ್ನೆ: ಕೀ ತೆಗೆದ ಮೇಲೂ ಎಂಜಿನ್ ಎರಡು ಮೂರು ಸೆಕೆಂಡ್ ಓಡುತ್ತದೆ. ಫ್ಯಾನ್ ಹಾಕುವ ಮುಂಚೆ ಹೀಗಿರಲಿಲ್ಲ.

ಉತ್ತರ: ಫ್ಯಾನಿನ ಮೇನ್ ಕರೆಂಟನ್ನೂ ಕೀ ಕಡೆಯಿಂದಲೇ ತೆಗೆದಿದ್ದೀರಿ. ಕೀ ತೆಗೆದ ಮೇಲೂ ರಭಸಕ್ಕೆ ತಿರುಗುತ್ತಿರುವ ಫ್ಯಾನು ಡೈನಮೋ ಆಗಿಬಿಡುತ್ತದೆ, ಆ ಕರೆಂಟ್ ಹಿಂದಕ್ಕೆ ಹರಿದು ಇಗ್ನಿಷನ್ನನ್ನು ಜೀವಂತ ಇಡುತ್ತದೆ. 30ನೇ ಪಿನ್ನಿಗೆ ನೇರ ಬ್ಯಾಟರಿಯಿಂದ ಕೊಡಿ.

ಪ್ರಶ್ನೆ: ಟೆಂಪರೇಚರ್ ಸ್ವಿಚ್ ಎಷ್ಟು ಡಿಗ್ರಿಯದ್ದು ಹಾಕಬೇಕು? ನಾನು ಹಾಕಿರುವುದು 82 ಡಿಗ್ರಿಗೆ ಫ್ಯಾನ್ ಶುರುಮಾಡುತ್ತದೆ, ಆದರೆ ಆಮೇಲೆ ನಿಲ್ಲುವುದೇ ಇಲ್ಲ.

ಉತ್ತರ: ನಿಮ್ಮ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಮೇಲೆ ಕೊರೆದಿರುವ ಅಂಕಿ ಓದಿ. ಅದೂ 82 ಆಗಿದ್ದರೆ, ಅದು ತೆರೆಯಲು ಶುರುವಾಗುವುದೇ 82ಕ್ಕೆ. ಪೂರ್ತಿ ತೆರೆಯುವ ಹೊತ್ತಿಗೆ 95ರ ಸುಮಾರು. ಎಂಜಿನ್ ಬಿಸಿಯಾದ ಮೇಲೆ ನೀರನ್ನು 82ಕ್ಕಿಂತ ಕೆಳಗೆ ಇಳಿಯಲು ಥರ್ಮೋಸ್ಟಾಟೇ ಬಿಡುವುದಿಲ್ಲ. ನಿಮ್ಮ ಸ್ವಿಚ್ಚೋ 77ಕ್ಕೆ ಇಳಿದರೆ ನಿಲ್ಲಿಸೋಣ ಎಂದು ಕಾಯುತ್ತಾ ಕೂತಿದೆ. ಫ್ಯಾನ್ ನಿಲ್ಲುವ ಡಿಗ್ರಿ ಥರ್ಮೋಸ್ಟಾಟ್ ತೆರೆಯುವ ಡಿಗ್ರಿಗಿಂತ ಮೇಲಿರಬೇಕು. 82ರ ಥರ್ಮೋಸ್ಟಾಟಿಗೆ 95ಕ್ಕೆ ಶುರುವಾಗಿ 90ಕ್ಕೆ ನಿಲ್ಲುವ ಸ್ವಿಚ್ ಹಾಕಿ. ಎರಡು ಫ್ಯಾನ್ ಇದ್ದರೆ ಎರಡನೆಯದು 5 ಡಿಗ್ರಿ ತಡವಾಗಿ ಬರಲಿ, ಒಟ್ಟಿಗೇ ಎರಡೂ ಎದ್ದರೆ ವೋಲ್ಟೇಜ್ ಕುಸಿಯುತ್ತದೆ.

ಈ ಲೆಕ್ಕ ಸ್ವಿಚ್ಚು ಸಿಲಿಂಡರ್ ಹೆಡ್ಡಿನಲ್ಲೋ ಥರ್ಮೋಸ್ಟಾಟಿನ ಕೆಳಗೋ, ಎಂಜಿನ್ ಕಡೆಯ ನೀರಿನಲ್ಲಿ ಇದ್ದರೆ ಮಾತ್ರ. ರೇಡಿಯೇಟರಿನ ಹೊರಹರಿವಿನ ಟ್ಯಾಂಕಿನಲ್ಲಿ ಆಗಲೇ ತಣಿದ ನೀರಿರುತ್ತದೆ, ಅಲ್ಲಿಗೆ ಕಡಿಮೆ ಡಿಗ್ರಿಯ ಸ್ವಿಚ್ ಬೇಕು. ರೇಡಿಯೇಟರಿನ ಜಾಲರಿಯೊಳಗೆ ಚುಚ್ಚುವ ಕಡ್ಡಿ ಸೆನ್ಸರ್ ನಮಗೆ ಹಿಡಿಸುವುದಿಲ್ಲ: ಅದು ನೀರಿಗಿಂತ ಗಾಳಿಯ ಮಾತನ್ನೇ ಹೆಚ್ಚು ಕೇಳುತ್ತದೆ.

ಪ್ರಶ್ನೆ: ನೀರು ಕುದಿಯುತ್ತಿದ್ದರೂ ಫ್ಯಾನ್ ತಿರುಗುವುದಿಲ್ಲ. ಸ್ವಿಚ್ ಹೊಸದು.

ಉತ್ತರ: ಸ್ವಿಚ್ಚಿನ ವೈರ್ ಕಳಚಿ ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿ. ಫ್ಯಾನ್ ತಿರುಗದಿದ್ದರೆ ರಿಲೇ, ಫ್ಯೂಸ್, ವೈರಿಂಗ್ ನೋಡಿ. ತಿರುಗಿತೋ, ತೊಂದರೆ ಸ್ವಿಚ್ಚಿನಲ್ಲಿ ಇಲ್ಲವೇ ಅದಕ್ಕೆ ತಾಗುವ ನೀರಿನಲ್ಲಿ. ಒಂದೇ ವೈರಿನ ಸ್ವಿಚ್ಚು ತನ್ನ ತಿರುಪಿನ ಮರೆಯ (ಥ್ರೆಡ್) ಮೂಲಕವೇ ಅರ್ಥ್ ಪಡೆಯಬೇಕು. ಅದಕ್ಕೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ, ಅಥವಾ ಪ್ಲಾಸ್ಟಿಕ್ ಟ್ಯಾಂಕಿಗೆ, ರಬ್ಬರ್ ಮೇಲೆ ಕೂತ ರೇಡಿಯೇಟರಿಗೆ ಹಾಕಿದರೆ ಅರ್ಥೇ ಸಿಗುವುದಿಲ್ಲ. ಅಂಥಲ್ಲಿ ಎರಡು ವೈರಿನ ಸ್ವಿಚ್ ಹಾಕಿ.

ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಇನ್ನೊಂದು ಕಾರಣವಿದೆ: ಹೊಸ ಎಂಜಿನ್ನಿನ ತಲೆ ರೇಡಿಯೇಟರ್ ಮುಚ್ಚಳಕ್ಕಿಂತ ಎತ್ತರವಾಗಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಸ್ವಿಚ್ಚಿನ ತುದಿ ನೀರಿನಲ್ಲಿ ಮುಳುಗದೆ ಗಾಳಿಗುಳ್ಳೆಯಲ್ಲಿ ನೇತಾಡುತ್ತಿರುತ್ತದೆ. ಮುಂಭಾಗ ಎತ್ತರಕ್ಕೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ನಿಧಾನವಾಗಿ ಕೂಲೆಂಟ್ ತುಂಬಿ; ಶಾಶ್ವತ ಪರಿಹಾರ ಬೇಕಾದರೆ ಎಲ್ಲಕ್ಕಿಂತ ಎತ್ತರದಲ್ಲಿ ಒತ್ತಡ ತಾಳುವ ಟ್ಯಾಂಕ್ ಕೂರಿಸಿ ಅಲ್ಲಿಂದಲೇ ತುಂಬಿ. ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಎಲ್‌ಎಸ್ ಎಂಜಿನ್ ಆದರೆ ಹೆಡ್ಡುಗಳಿಂದ ಬರುವ ಸಣ್ಣ ಹಬೆ ಪೈಪನ್ನು ಮುಚ್ಚಬೇಡಿ, ಆ ಟ್ಯಾಂಕಿಗೋ ರೇಡಿಯೇಟರಿನ ಮೇಲ್ಭಾಗಕ್ಕೋ ಜೋಡಿಸಿ.

ಪ್ರಶ್ನೆ: ನಿಂತಾಗ ಟೆಂಪರೇಚರ್ ಮುಳ್ಳು ಸರಿಯಾಗಿರುತ್ತದೆ, ಹೆದ್ದಾರಿಯಲ್ಲಿ 80 ದಾಟಿದರೆ ಏರುತ್ತದೆ. ಇನ್ನೂ ದೊಡ್ಡ ಫ್ಯಾನ್ ಹಾಕಲೇ?

ಉತ್ತರ: ಬೇಡ. ಆ ವೇಗದಲ್ಲಿ ಫ್ಯಾನ್ ನಿಂತಿದ್ದರೂ ನಡೆಯಬೇಕು. ನಿಂತಾಗ ಬಿಸಿಯಾದರೆ ಗಾಳಿಯ ಕೊರತೆ. ಓಡುವಾಗ ಬಿಸಿಯಾದರೆ ಸಾಮಾನ್ಯವಾಗಿ ನೀರಿನ ಹರಿವಿನದೋ ಕೋರಿನದೋ ದೋಷ. ನಾಲ್ಕು ಸಿಲಿಂಡರಿನ ರೇಡಿಯೇಟರನ್ನೇ ಉಳಿಸಿಕೊಂಡಿದ್ದರೆ ಅದಕ್ಕೆ ಆ ಶಾಖ ಹೊರಹಾಕುವ ತಾಕತ್ತಿಲ್ಲ. ಕೆಳಗಿನ ಹೋಸ್ ನೋಡಿ, ಎಂಜಿನ್ ಜೋರು ಮಾಡಿದಾಗ ಚಪ್ಪಟೆಯಾಗುತ್ತಿದ್ದರೆ ಒಳಗೆ ಸ್ಪ್ರಿಂಗ್ ಇರುವ ಹೋಸ್ ಹಾಕಿ. ಮರೆಯದೆ ನೋಡಬೇಕಾದದ್ದು ವಾಟರ್ ಪಂಪ್ ತಿರುಗುವ ದಿಕ್ಕು. ಅಗಲ ಬೆಲ್ಟಿನ ಬೆನ್ನು ಪಂಪಿನ ಪುಲ್ಲಿಯನ್ನು ತಿರುಗಿಸುವ ಜೋಡಣೆಯಲ್ಲಿ ಪಂಪು ಉಲ್ಟಾ ತಿರುಗುತ್ತದೆ, ಅದಕ್ಕೆಂದೇ ಬೇರೆ ಪಂಪ್ ಇದೆ. ಹೊರಗಿನಿಂದ ಎರಡೂ ಒಂದೇ ತರಹ. ತಪ್ಪು ಪಂಪ್ ಕೂತರೂ ನೀರು ಅಷ್ಟಿಷ್ಟು ಆಡುತ್ತದೆ, ಆದ್ದರಿಂದ ನಿಂತ ಗಾಡಿಯಲ್ಲಿ ಇದು ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಫ್ಯಾನ್ ಎದ್ದ ಕೂಡಲೇ ಹೆಡ್‌ಲೈಟ್ ಮಂಕಾಗುತ್ತದೆ. ಹಳೆಯ 60 ಆಂಪಿಯರ್ ಆಲ್ಟರ್ನೇಟರನ್ನೇ ಉಳಿಸಿಕೊಂಡಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಆಮೀಟರ್ ಇದೆ.

ಉತ್ತರ: 60 ಎನ್ನುವುದು ಎಂಜಿನ್ ಜೋರಾಗಿ ತಿರುಗುವಾಗಿನ ಮಾತು. ಐಡಲಿನಲ್ಲಿ, ಅಂದರೆ ನಿಂತ ಗಾಡಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ, ಅರ್ಧ ಸಿಕ್ಕರೆ ಹೆಚ್ಚು. ಹೆಡ್‌ಲೈಟಿಗೆ 9, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿಗೆ 12ರ ಸುಮಾರು, ಒಂದು ಫ್ಯಾನಿಗೆ 22. ಅಲ್ಲಿಗೇ 43 ಆಯಿತು. ಕೊರತೆ ಬ್ಯಾಟರಿಯಿಂದ ಹೋಗುತ್ತಿದೆ. ಹೊಸ ಎಂಜಿನ್ನಿಗೆ ಹೊಂದುವ 100 ಆಂಪಿಯರಿಗೂ ಮೇಲಿನ ಆಲ್ಟರ್ನೇಟರ್ ಹಾಕಿ, ಅದರಿಂದ ಬ್ಯಾಟರಿಗೆ 16 ಚದರ ಮಿ.ಮೀ. ಕೇಬಲ್ ಎಳೆಯಿರಿ. ಹಳೆಯ ಆಮೀಟರಿನ ಮೂಲಕ ಚಾರ್ಜಿಂಗ್ ಕರೆಂಟ್ ಪೂರ್ತಿ ಹಾದುಹೋಗುತ್ತದೆ, ಇಷ್ಟು ಭಾರಕ್ಕೆ ಅದು ಸುಟ್ಟು ಡ್ಯಾಶ್‌ಬೋರ್ಡಿಗೇ ಬೆಂಕಿ ತಗಲಬಹುದು. ಕರೆಂಟ್ ಅದರೊಳಗೆ ಹೋಗದೆ ಹೊರಗಿನಿಂದಲೇ ಹಾದುಹೋಗುವ ಹಾಗೆ ವೈರ್ ಜೋಡಿಸಿ, ಬದಲಿಗೆ ವೋಲ್ಟ್‌ಮೀಟರ್ ಇಡಿ.

ಪ್ರಶ್ನೆ: ದಾನಿ ಗಾಡಿಯ (ಹೊಸ ಎಂಜಿನ್ ಕಳಚಿ ತಂದ ಗಾಡಿ) ಎಂಜಿನ್ ಕಂಪ್ಯೂಟರನ್ನೂ ತಂದಿದ್ದೇನೆ. ಅದರಿಂದಲೇ ಫ್ಯಾನ್ ಓಡಿಸಬಹುದೇ?

ಉತ್ತರ: ಓಡಿಸಬಹುದು, ಅದೇ ಒಳ್ಳೆಯದು. ಹೆಚ್ಚಿನವು ಫ್ಯಾನಿಗೆಂದು ಕೊಟ್ಟ ಪಿನ್ನನ್ನು ಅರ್ಥ್ ಮಾಡುತ್ತವೆ. ಆ ವೈರನ್ನು ರಿಲೇಯ 85ಕ್ಕೆ ಕೊಡಿ. ಎಂದಿಗೂ ನೇರ ಫ್ಯಾನಿಗಲ್ಲ. ಸುರುಳಿಗೆ ಅಡ್ಡಲಾಗಿ ಡಯೋಡ್ ಇರುವ ರಿಲೇ ಆರಿಸಿ. ಅದರಲ್ಲಿ 86ಕ್ಕೇ ಪ್ಲಸ್ ಬರಬೇಕು, ಅದಲು ಬದಲಾದರೆ ಡಯೋಡ್ ಸುಡುತ್ತದೆ. ದಾನಿ ಗಾಡಿಯ ಫ್ಯಾನಿಗೆ ದಪ್ಪ ವೈರುಗಳ ಜೊತೆ ತೆಳು ಸಿಗ್ನಲ್ ವೈರೂ ಇದ್ದರೆ ಅದು ರಿಲೇಗೆ ಬಗ್ಗುವ ಜಾತಿಯಲ್ಲ, ಅದರದೇ ಕಂಟ್ರೋಲರ್ ಬೇಕು.

ಪ್ರಶ್ನೆ: ಫ್ಯಾನ್ ಸರಿಯಾದ ದಿಕ್ಕಿಗೆ ಗಾಳಿ ಎಳೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಗ್ರಿಲ್ ಕಡೆ ರೇಡಿಯೇಟರ್ ಮೇಲೆ ಒಂದು ಹಾಳೆ ಹಿಡಿದು ಬಿಡಿ. ಅಂಟಿಕೊಂಡು ನಿಂತರೆ ಸರಿ. ಹಾರಿಬಿದ್ದರೆ ಫ್ಯಾನಿನ ಪ್ಲಸ್ ಮೈನಸ್ ಅದಲು ಬದಲಾಗಿದೆ. ಅಂಟಿಯೂ ಅಂಟದ ಹಾಗೆ ಜಾರುತ್ತಿದ್ದರೆ, ತಳ್ಳುವ ಫ್ಯಾನನ್ನು ವೈರ್ ಮಾತ್ರ ಉಲ್ಟಾ ಮಾಡಿ ಎಳೆಯಲು ಹಚ್ಚಿದ್ದೀರಿ; ರೆಕ್ಕೆಯ ಬಾಗು ಈಗ ತಪ್ಪು ಕಡೆಗಿದೆ. ನಡುವಿನ ನಟ್ ಬಿಚ್ಚಿ ರೆಕ್ಕೆಯನ್ನೂ ಮಗುಚಿ ಹಾಕಿ.