ಸಂಪಾದಕರ ಉತ್ತರ: ಅರಿಶಿನದ ಹಾಲು, ವಾರದ ಮಾತ್ರೆ ಮತ್ತು ನಮ್ಮ ತಲೆಬರಹ

ಬನಹಟ್ಟಿಯ ನೇಕಾರ ಸಹೋದರರೊಬ್ಬರು ಬರೆದ ಪತ್ರಕ್ಕೆ ಈ ಉತ್ತರ. ಅವರ ತಾಯಿಗೆ ನಾಲ್ಕು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಸಂಧಿವಾತಕ್ಕೆ ಗಿಡಮೂಲಿಕೆಗಳಲ್ಲೇ ಮದ್ದಿದೆ ಎಂಬ ತಲೆಬರಹದಡಿ ನಾವು ಪ್ರಕಟಿಸಿದ ಲೇಖನವನ್ನು ಓದಿ, ರೋಗವನ್ನು ಹತೋಟಿಯಲ್ಲಿಡಲು ವಾರಕ್ಕೊಮ್ಮೆ ಕೊಡುತ್ತಿದ್ದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ನಿಲ್ಲಿಸಿದ್ದಾರೆ. ಎರಡು ತಿಂಗಳಿಂದ ಅರಿಶಿನದ ಹಾಲನ್ನೂ ಜಾತ್ರೆಯಲ್ಲಿ ಕೊಂಡ ಪುಡಿಯೊಂದನ್ನೂ ಕೊಡುತ್ತಿದ್ದಾರೆ. ‘ಮೊದಲು ಮುಂಜಾನೆ ಎದ್ದು ಒಂದೂವರೆ ತಾಸು ಅವ್ವನಿಗೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ನೂಲಿನ ಕಂಡಿಕೆ ಸುತ್ತುವ ಮಾತಂತೂ ದೂರ. ಪುಡಿ ತೆಗೆದುಕೊಂಡ ಮೂರನೆಯ ದಿನಕ್ಕೇ ರೊಟ್ಟಿ ಬಡಿದಳು. ಈಗ ಮುಖ ಮಾತ್ರ ತುಸು ಬಾತಂತೆ ಕಾಣುತ್ತದೆ. ಇದನ್ನೇ ಮುಂದುವರಿಸಬಹುದೆ?’ ಎಂಬುದು ಅವರ ಪ್ರಶ್ನೆ.

ಮುಂದುವರಿಸಬೇಡಿ. ಆದರೆ ಪುಡಿಯನ್ನು ನಾಳೆಯೇ ನೀವಾಗಿ ನಿಲ್ಲಿಸಲೂ ಬೇಡಿ. ಇದರ ಕಾರಣವನ್ನು ಮುಂದೆ ಹೇಳುತ್ತೇನೆ. ಲೇಖನದ ಒಳಗೆ ‘ಸಂಶೋಧನೆ ನಡೆದಿದೆ’ ಎಂದಷ್ಟೇ ಇತ್ತು. ತಲೆಬರಹ ಕೊಟ್ಟವನು ನಾನು, ತಪ್ಪೂ ನನ್ನದೇ.

ಅರಿಶಿನದಲ್ಲಿ ಹುರುಳಿಲ್ಲವೆಂದಲ್ಲ. ತೇರದಾಳದಿಂದ ರಾಯಬಾಗದವರೆಗೆ ಅರಿಶಿನ ಬೆಳೆದು, ಕುದಿಸಿ, ಒಣಗಿಸಿ ಸಾಂಗಲಿ ಪೇಟೆಗೆ ಕಳಿಸುವ ಸೀಮೆಯವರಾದ ನಮಗೆ ಅದರ ಮೇಲಿನ ಮಮತೆ ಸಹಜವೇ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್, ಕೀಲಿನ ಉರಿಯೂತವನ್ನು ಕೆರಳಿಸುವ ಟಿಎನ್‌ಎಫ್‌ನಂಥ ರಾಸಾಯನಿಕ ಸಂದೇಶಗಳನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ತಗ್ಗಿಸುತ್ತದೆ. 2012ರಲ್ಲಿ ಪ್ರಕಟವಾದ ಭಾರತದ್ದೇ ಒಂದು ಅಧ್ಯಯನದಲ್ಲಿ 500 ಮಿಲಿಗ್ರಾಂ ಕರ್ಕ್ಯುಮಿನ್ ಪಡೆದವರಿಗೆ ಕೀಲಿನ ನೋವೂ ಬಾವೂ ಇಳಿದವು. ಆದರೆ ಅಲ್ಲಿದ್ದ ರೋಗಿಗಳು ಮೂರು ಗುಂಪು ಸೇರಿ 45 ಜನ. ಹೋಲಿಸಿದ್ದು ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯೊಂದಿಗೆ, ಮೆಥೊಟ್ರೆಕ್ಸೇಟಿನೊಂದಿಗಲ್ಲ. ಇನ್ನು ಅಡುಗೆಮನೆಯ ಲೆಕ್ಕ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು ಎಂದು ಹಿಡಿದರೆ, ಆ 500 ಮಿಲಿಗ್ರಾಂ ಕರ್ಕ್ಯುಮಿನ್ನಿನ ಸಮಕ್ಕೆ ಸುಮಾರು 17 ಗ್ರಾಂ, ಎಂದರೆ ಐದಾರು ಚಮಚ ಅರಿಶಿನ ಬೇಕು. ಹಾಲಿಗೆ ನೀವು ಹಾಕುವುದು ಅರ್ಧ ಚಮಚ. ಹೊಟ್ಟೆಗೆ ಹೋದದ್ದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರಿಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶವನ್ನು ಬೆರೆಸಿದರೆ ಅದು ಇಪ್ಪತ್ತು ಪಟ್ಟು ಹೆಚ್ಚುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲೇ ತೋರಿಸಿದರಾದರೂ, ಅದೇ ಪೈಪರಿನ್ ಬೇರೆ ಕೆಲವು ಔಷಧಗಳ ಹೀರಿಕೆಯನ್ನೂ ಏರುಪೇರು ಮಾಡಬಲ್ಲದು.

ಆಯುರ್ವೇದವನ್ನು ನಾನು ಹಗುರಾಗಿ ಕಾಣುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕೊಯಮತ್ತೂರಿನ ವೈದ್ಯರೂ ಅಮೆರಿಕದ ತಜ್ಞರೂ ಸೇರಿ 43 ರೋಗಿಗಳ ಮೇಲೆ 36 ವಾರ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಯುರ್ವೇದ, ಮೆಥೊಟ್ರೆಕ್ಸೇಟ್ ಮತ್ತು ಎರಡೂ ಕೂಡಿದ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಇದು ಚಿಕ್ಕ ಪ್ರಯೋಗ, ಆದರೂ ಗೌರವಕ್ಕೆ ಅರ್ಹವಾದದ್ದು. ಅಲ್ಲಿ ವೈದ್ಯರು ಪ್ರತಿ ರೋಗಿಯನ್ನೂ ನೋಡಿ, ಅವರವರಿಗೆ ತಕ್ಕ ಮದ್ದನ್ನು ಆರಿಸಿದ್ದರು. ಹೆಸರು, ವಿಳಾಸ, ತಯಾರಿಕೆಯ ದಿನಾಂಕ ಒಂದೂ ಇಲ್ಲದ ಪೊಟ್ಟಣಕ್ಕೂ ಆ ಚಿಕಿತ್ಸೆಗೂ ಎಲ್ಲಿಯ ನಂಟು?

ಆ ಪೊಟ್ಟಣದ್ದೇ ನನಗೆ ಹೆಚ್ಚು ಚಿಂತೆ. ನಾಲ್ಕು ವರ್ಷದ ಬೇನೆ ಮೂರು ದಿನದಲ್ಲಿ ಇಳಿದು ಮುಖ ಬಾತರೆ, ಪುಡಿಯಲ್ಲಿ ಉರಿಯೂತವನ್ನು ಬೇಗ ಇಳಿಸುವ, ಮುಖ ಬಾಯಿಸುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಔಷಧ ಬೆರೆತಿರಬಹುದೆಂದು ವೈದ್ಯರು ಮೊದಲು ಸಂಶಯಪಡುತ್ತಾರೆ. ಬೇರು-ತೊಗಟೆಗಳು ಅಷ್ಟು ಅವಸರದಲ್ಲಿ ಕೆಲಸ ಮಾಡುವುದಿಲ್ಲ. ಸ್ಟೀರಾಯ್ಡ್ ವಾರಗಟ್ಟಲೆ ದೇಹಕ್ಕೆ ಹೋದರೆ, ಅಂಥದ್ದೇ ಹಾರ್ಮೋನನ್ನು ಸ್ವತಃ ತಯಾರಿಸುವ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸುಮ್ಮನಾಗಿಬಿಡುತ್ತದೆ. ಆಗ ಪುಡಿಯನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ನೀವಾಗಿ ನಿಲ್ಲಿಸಬೇಡಿ ಎಂದದ್ದು ಇದಕ್ಕೇ.

ಇನ್ನು ಮೆಥೊಟ್ರೆಕ್ಸೇಟ್. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ನೋವು ಅಡಗಿದ ಮಾತ್ರಕ್ಕೆ ಎಲುಬಿನ ಸವೆತ ನಿಂತಿದೆ ಎಂದಲ್ಲ, ಮತ್ತು ಒಮ್ಮೆ ಸವೆದ ಕೀಲು ಮೊದಲಿನಂತಾಗುವುದಿಲ್ಲ. ಆ ಸವೆತವನ್ನು ನಿಧಾನಿಸುವುದೇ ಈ ಮಾತ್ರೆಯ ಕೆಲಸ. ಇದರಿಂದ ಯಕೃತ್ತಿಗೆ ತೊಂದರೆಯಾಗಬಹುದು, ಆಗಾಗ ರಕ್ತ ಪರೀಕ್ಷೆ ಬೇಕು, ಎಲ್ಲವೂ ನಿಜ. ಆದರೆ ನಿರುಪದ್ರವಿ ಎಂದು ನಾವು ನಂಬಿರುವ ಅಮೃತಬಳ್ಳಿ, ಅಶ್ವಗಂಧಗಳಿಂದಲೂ ಕೆಲವರ ಯಕೃತ್ತು ಕೆಟ್ಟ ವರದಿಗಳಿವೆ. ಹೀಗಾಗಿ ಕಷಾಯ ಕುಡಿಯುವುದನ್ನು ವೈದ್ಯರಿಂದ ಮುಚ್ಚಿಡಬಾರದು. ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು, ಬೈಯುವ ವೈದ್ಯರೂ ಇದ್ದಾರೆನ್ನಿ.

ಊಟದ ಅರಿಶಿನವನ್ನಾಗಲಿ, ಲಕ್ಕಿ ಸೊಪ್ಪಿನ ಶಾಖವನ್ನಾಗಲಿ ಬಿಡಬೇಕಿಲ್ಲ. ಗಿಡಗಳಿಂದ ಔಷಧ ಹುಟ್ಟುತ್ತದೆ ಎಂಬುದೂ ಸುಳ್ಳಲ್ಲ: ಇದೇ ರೋಗಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್, ಸಿಂಕೋನಾ ತೊಗಟೆಯ ಕ್ವಿನೈನಿನ ಮಾದರಿಯ ಬೆನ್ನು ಹಿಡಿದು ಬಂದದ್ದು. ನಮ್ಮ ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪಾರಂಪರಿಕ ವೈದ್ಯಕೀಯ ಸಂಸ್ಥೆ ಇಂಥ ಗಿಡಗಳ ಅಧ್ಯಯನಕ್ಕೆಂದೇ ಇದೆ.

ಈ ವಾರದೊಳಗೆ ತಾಯಿಯವರನ್ನು ಮೊದಲು ನೋಡುತ್ತಿದ್ದ ವೈದ್ಯರ ಬಳಿ ಕರೆದೊಯ್ಯಿರಿ. ನಿಲ್ಲಿಸಿದ ಮಾತ್ರೆಯನ್ನು ನೀವೇ ಮತ್ತೆ ಶುರುಮಾಡಬೇಡಿ. ರಕ್ತ ನೋಡಿ ಪ್ರಮಾಣವನ್ನು ಅವರು ಹೇಳಲಿ. ಅದು ವಾರಕ್ಕೊಮ್ಮೆಯ ಮಾತ್ರೆ, ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ. ವಾಂತಿ, ತಲೆಸುತ್ತು, ತೀರಾ ನಿಶ್ಶಕ್ತಿ ಕಂಡರೆ ವಾರ ಕಾಯದೆ ಆಸ್ಪತ್ರೆಗೆ ಹೋಗಿ. ಪುಡಿಯ ಪೊಟ್ಟಣವನ್ನು ಜೊತೆಗೆ ಒಯ್ಯಿರಿ, ಖಾಲಿಯಾಗಿದ್ದರೂ ಸರಿ.