ಬರೀ ರಕ್ತ ಪರೀಕ್ಷೆ ಸಾಕಾಗುವುದಿಲ್ಲ, ಮೊದಲು ಮಿಲ್‌ನ ಲೆಕ್ಕ ನೋಡಿ

ಹಿಟ್ಟು, ಎಣ್ಣೆಗೆ ವಿಟಮಿನ್ ಸೇರಿಸಬೇಕು ಅಂತ ಒಂದು ದೇಶ ಕಾನೂನು ಮಾಡಿದ ಮೇಲೆ, ಕೆಲವು ವರ್ಷಕ್ಕೊಮ್ಮೆ ಜನರ ರಕ್ತ ಪರೀಕ್ಷೆ ಮಾಡಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನು ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿರುವುದರಿಂದ ಸ್ವಲ್ಪ ಆ ಕಡೆ ವಾಲುತ್ತೇನೆ ಅಂತಲೇ ಇಟ್ಟುಕೊಳ್ಳಿ, ಆದರೂ ಕಾರಣ ಇದೆ.

ರಕ್ತದಲ್ಲಿ ಫೋಲೇಟ್ (ಫೋಲಿಕ್ ಆಸಿಡ್ ರೂಪದಲ್ಲಿ ಹಿಟ್ಟಿಗೆ ಸೇರಿಸುವ ಬಿ ವಿಟಮಿನ್) ಕಡಿಮೆ ಬಂತು ಅನ್ನಿ. ತಪ್ಪು ಎಲ್ಲಾಗಿದೆ? ಮಿಲ್‌ನವರು ಸೇರಿಸಿಯೇ ಇಲ್ಲವೋ, ಪ್ರೀಮಿಕ್ಸ್ (ಹಿಟ್ಟಿಗೆ ಬೆರೆಸಲು ಮೊದಲೇ ಮಾಡಿಟ್ಟ ಪೋಷಕಾಂಶಗಳ ಪುಡಿ) ಕಳಪೆಯೋ, ಗೋದಾಮಿನಲ್ಲಿ ಕೂತು ಹಾಳಾಯಿತೋ, ಅಥವಾ ಆ ಜನ ಪ್ಯಾಕೆಟ್ ಹಿಟ್ಟು ಕೊಳ್ಳುವುದೇ ಇಲ್ಲವೋ? ರಕ್ತ ಇದ್ಯಾವುದನ್ನೂ ಹೇಳುವುದಿಲ್ಲ. ಅದು ತಿಳಿಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ನನ್ನ ಪ್ರಕಾರ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ತಪಾಸಣೆ ಅಂದರೆ ಬಿಲ್ ನೋಡುವುದು. ಟನ್ ಹಿಟ್ಟಿಗೆ 150 ಗ್ರಾಂ ಪ್ರೀಮಿಕ್ಸ್ ಹಾಕಬೇಕು ಅಂತಿದ್ದರೆ 1,000 ಟನ್‌ಗೆ 150 ಕೆಜಿ ಖರ್ಚಾಗಿರಬೇಕು. ಮಿಲ್ ಕೊಂಡಿದ್ದೇ 60 ಕೆಜಿ ಆದರೆ ಇನ್ನು ಯಾವ ಲ್ಯಾಬ್ ಬೇಕು ಹೇಳಿ. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಯಂತ್ರ ಸರಿಯಾಗಿ ಓಡಿಸಿ ಸ್ಯಾಂಪಲ್ ಪಾಸು ಮಾಡಿಸಿಕೊಳ್ಳಬಹುದು, ಆದರೆ ಇಡೀ ವರ್ಷದ ಖರೀದಿ ಲೆಕ್ಕವನ್ನು ಒಂದೇ ದಿನದಲ್ಲಿ ಸರಿ ಮಾಡುವುದು ಕಷ್ಟ.

ಸ್ಥಳದಲ್ಲೇ ಮಾಡುವ ಪರೀಕ್ಷೆಯೂ ಇದೆ. ಹಿಟ್ಟನ್ನು ತಟ್ಟೆಯಲ್ಲಿ ಒತ್ತಿ ಸಮ ಮಾಡಿ, ಆಮ್ಲ ಬೆರೆಸಿದ ಥಯೋಸೈನೇಟ್ ದ್ರಾವಣದ ಹನಿ ಬಿಟ್ಟರೆ, ಸೇರಿಸಿದ ಕಬ್ಬಿಣ ಇದ್ದ ಕಡೆ ಕೆಂಪು ಚುಕ್ಕೆಗಳು ಏಳುತ್ತವೆ (ಕೆಲವು ಬಗೆಯ ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಕಬೇಕು). ಕಬ್ಬಿಣ, ಫೋಲಿಕ್ ಆಸಿಡ್ ಎರಡೂ ಒಂದೇ ಪ್ರೀಮಿಕ್ಸ್‌ನಲ್ಲಿ ಬರುವ ಕಡೆ, ಚುಕ್ಕೆ ಕಂಡರೆ ಪ್ರೀಮಿಕ್ಸ್ ಬಿದ್ದಿದೆ ಅಂತ ಅಂದಾಜು ಸಿಗುತ್ತದೆ. ಎಷ್ಟು ಬಿದ್ದಿದೆ ಅನ್ನುವುದಕ್ಕೆ ಮಾತ್ರ ಲ್ಯಾಬ್‌ಗೇ ಬರಬೇಕು.

ಎಣ್ಣೆಯದ್ದು ಬೇರೆ ಕಥೆ. ವಿಟಮಿನ್ ಎ ಬೆಳಕಿಗೆ, ಗಾಳಿಗೆ ಹಾಳಾಗುತ್ತದೆ. ಫ್ಯಾಕ್ಟರಿಯಲ್ಲಿ ಸರಿಯಿದ್ದ ಎಣ್ಣೆ ಪಾರದರ್ಶಕ ಬಾಟಲಿಯಲ್ಲಿ ಅಂಗಡಿಯ ಬೆಳಕಿಗೆ ಕೂತು ವಿಟಮಿನ್ ಕಳೆದುಕೊಳ್ಳಬಹುದು. ಹಾಗಾಗಿ ಸ್ಯಾಂಪಲ್ ಅಂಗಡಿಯಿಂದಲೂ, ಸಾಧ್ಯವಾದರೆ ಮನೆಯಿಂದಲೂ ತೆಗೆಯಬೇಕು.

ರಕ್ತ ಪರೀಕ್ಷೆ ಬೇಡ ಅಂತಲ್ಲ, ಆದರೆ ಅದನ್ನು ಓದುವಾಗ ಹುಷಾರು. ಮೈಯಲ್ಲಿ ಸೋಂಕಿದ್ದರೆ ರಕ್ತದ ರೆಟಿನಾಲ್ (ವಿಟಮಿನ್ ಎ ಅಳತೆ) ಇಳಿಯುತ್ತದೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಏರುತ್ತದೆ, ಅಂದರೆ ವಿಟಮಿನ್ ಎ ಇದ್ದರೂ ಕಡಿಮೆ ತೋರಿಸಬಹುದು, ಕಬ್ಬಿಣ ಕಡಿಮೆ ಇದ್ದರೂ ಸರಿ ತೋರಿಸಬಹುದು. ಅದಕ್ಕೇ ಜೊತೆಗೆ ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಕೂಡ ಅಳೆಯುತ್ತಾರೆ. ವಿಟಮಿನ್ ಡಿ ಬಿಸಿಲಿನಿಂದಲೂ ಮೈಯಲ್ಲಿ ತಯಾರಾಗುತ್ತದೆ, ಹಾಗಾಗಿ ಅದರ ಸಮೀಕ್ಷೆಯನ್ನು ಒಂದು ಸಲ ಬೇಸಿಗೆಯಲ್ಲಿ, ಇನ್ನೊಂದು ಸಲ ಚಳಿಗಾಲದಲ್ಲಿ ಮಾಡಿ ಹೋಲಿಸಿದರೆ ಸುಮ್ನೆ ದುಡ್ಡು ದಂಡ.

ಜಾಸ್ತಿಯಾಗುವುದನ್ನೂ ನೋಡಬೇಕು, ಇದನ್ನು ಮರೆಯುವವರೇ ಹೆಚ್ಚು. 1950ರ ದಶಕದ ಆರಂಭದಲ್ಲಿ ಬ್ರಿಟನ್‌ನಲ್ಲಿ ಹಲವು ಶಿಶುಗಳ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿತ್ತು. ಮಕ್ಕಳ ಆಹಾರಕ್ಕೆ ಸೇರಿಸುತ್ತಿದ್ದ ವಿಟಮಿನ್ ಡಿ ಅತಿಯಾಗಿದ್ದೇ ಕಾರಣ ಇರಬೇಕು ಅಂತ ಆಗ ಅದನ್ನು ಕಡಿಮೆ ಮಾಡಿದರು.

ದುಡ್ಡು ಕಡಿಮೆ ಇದ್ದರೆ ನನ್ನ ಸಲಹೆ ಇಷ್ಟು: ಮಿಲ್ ಲೆಕ್ಕ ತಿಂಗಳು ತಿಂಗಳು, ಅಂಗಡಿ ಸ್ಯಾಂಪಲ್ ಆಗಾಗ, ರಕ್ತ ಅಪರೂಪಕ್ಕೆ. ಆದರೆ ಮೊದಲ ರಕ್ತ ಸಮೀಕ್ಷೆ ಕಾರ್ಯಕ್ರಮ ಶುರುವಾಗುವ ಮುಂಚೆಯೇ ಆಗಿರಬೇಕು. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೆ ಫೋಲಿಕ್ ಆಸಿಡ್ ಕಡ್ಡಾಯವಾಯಿತು. ಅಲ್ಲಿ ಹಳೆಯ ರಕ್ತ ಸಮೀಕ್ಷೆಗಳೂ ಹುಟ್ಟು ದೋಷಗಳ ದಾಖಲೆಯೂ ಇದ್ದವು, ಹಾಗಾಗಿಯೇ ಬೆನ್ನುಹುರಿಯ ದೋಷಗಳು ಕಡಿಮೆಯಾದದ್ದನ್ನು ಅಂಕಿಯಲ್ಲಿ ತೋರಿಸಲು ಆಯಿತು. ನೀವು ಕೇಳುತ್ತಿರುವ ದೇಶದಲ್ಲಿ ಆ ಮೊದಲ ಅಳತೆ ಆಗಿದೆಯಾ ಅಂತ ಮೊದಲು ವಿಚಾರಿಸಿ.